ಮಾರ್ಲಿ: ಅಳಿದ ಅರಮನೆ, ಉಳಿದ ಹೆಸರು

ಫ್ರಾನ್ಸಿನಲ್ಲಿ 2009ರಲ್ಲಿ ಸ್ಥಾಪನೆಯಾದ ಸುಗಂಧದ್ರವ್ಯ ಸಂಸ್ಥೆ ‘ಪಾರ್ಫಂ ದ ಮಾರ್ಲಿ’. ಫ್ರೆಂಚ್ ಅರಸರ ಮಾರ್ಲಿ ಅರಮನೆ ಅದಕ್ಕೆ ಹೆಸರನ್ನಿತ್ತಿದೆ. ಕುದುರೆ ಅದರ ಲಾಂಛನವಾಗಿದೆ. ರಾಜಾಸ್ಥಾನದ ವೈಭವವನ್ನು ನೆನಪಿಸುವ ಈ ಹೆಸರಿನಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ವರ್ಸೇಯ ಆಸ್ಥಾನದ ಕಟ್ಟುಪಾಡುಗಳಿಂದ ದೂರವಿರಲು ಹದಿನಾಲ್ಕನೆಯ ಲೂಯಿ 1679ರಲ್ಲಿ ಮಾರ್ಲಿಯ ನಿರ್ಮಾಣವನ್ನು ಆರಂಭಿಸಿದನು. ವಾಸ್ತುಶಿಲ್ಪಿ ಜೂಲ್ ಆರ್ದುವೆಂ-ಮಾಂಸಾರ್. ನಡುವೆ ಅರಸನ ಭವನ, ಇಕ್ಕೆಲಗಳಲ್ಲಿ ಆರಾರರಂತೆ 12 ಅತಿಥಿಗೃಹಗಳು. ಅಲ್ಲಿಗೆ ಆಹ್ವಾನ ದೊರೆಯುವುದೇ ರಾಜಾನುಗ್ರಹದ ಕುರುಹಾಗಿತ್ತು.

ಇಲ್ಲಿನ ಕುದುರೆಗಳಿಗೆ ನೀರುಣಿಸುವ ಕೊಳದ ಬಳಿ ಮೊದಲು ನಿಂತದ್ದು ಕ್ವಾಸೆವೊ ಕಡೆದ ರೆಕ್ಕೆಯ ಪೆಗಾಸಸ್ ಶಿಲ್ಪಗಳು. ಅವುಗಳ ಮೇಲೆ ದೇವತೆಗಳು ಕುಳಿತಿದ್ದರು. ಅವು ಪ್ಯಾರಿಸ್ಸಿಗೆ ಸಾಗಿದ ಮೇಲೆ, ಹದಿನೈದನೆಯ ಲೂಯಿಯ ಕಾಲದಲ್ಲಿ, ಕ್ವಾಸೆವೊನ ಸೋದರಳಿಯ ಗಿಯೋಮ್ ಕೂಸ್ತೂ ಬೇರೆ ಜೋಡಿಯನ್ನು ಕಡೆದನು. 1745ರಲ್ಲಿ ಅದು ಪ್ರತಿಷ್ಠಾಪನೆಗೊಂಡಿತು. ಇಲ್ಲಿ ದೇವತೆಯೂ ಇಲ್ಲ, ರೆಕ್ಕೆಯೂ ಇಲ್ಲ. ಮುಂಗಾಲೆತ್ತಿ ನಿಂತ ಕುದುರೆ, ಅದನ್ನು ತಡೆಹಿಡಿಯಲು ಹೆಣಗುವ ಮನುಷ್ಯ, ಇಷ್ಟೇ.

ಸುಗಂಧದ ಸಂಗತಿ ಇನ್ನೂ ಕುತೂಹಲಕರವಾದುದು. ‘ಪರಿಮಳದ ಆಸ್ಥಾನ’ ಎಂಬ ಖ್ಯಾತಿ ಹದಿನೈದನೆಯ ಲೂಯಿಯ ಆಸ್ಥಾನಕ್ಕೆ ಸಲ್ಲುತ್ತದೆ. ಆದರೆ ಮಾರ್ಲಿಯನ್ನು ಕಟ್ಟಿಸಿದ ಹದಿನಾಲ್ಕನೆಯ ಲೂಯಿ, ಮೊದಲು ಸುಗಂಧಪ್ರಿಯನಾಗಿದ್ದರೂ, ಅತಿಬಳಕೆಯಿಂದ ಅದನ್ನು ಸಹಿಸದಂತಾದನೆಂದೂ ಕಿತ್ತಳೆ ಹೂವಿನ ಪರಿಮಳವೊಂದನ್ನೇ ಒಪ್ಪುತ್ತಿದ್ದನೆಂದೂ ಸ್ಯಾಂ-ಸಿಮೋಂನ ಸ್ಮೃತಿಗ್ರಂಥ ದಾಖಲಿಸುತ್ತದೆ. ಆ ಕಾಲದ ಫ್ರಾನ್ಸಿನಲ್ಲಿ ಕೈಗವಸು ತಯಾರಕರೂ ಸುಗಂಧಕಾರರೂ ಒಂದೇ ವೃತ್ತಿಸಂಘದವರಾಗಿದ್ದರು. ಹದಮಾಡಿದ ಚರ್ಮದ ದುರ್ವಾಸನೆಯನ್ನು ಮರೆಸಲು ಕೈಗವಸುಗಳಿಗೆ ಪರಿಮಳ ಹಾಕುತ್ತಿದ್ದರು.

ಸಂಸ್ಥೆಯ ಕೆಲವು ಸುಗಂಧಗಳು ಡಾರ್ಲಿ, ಬೈಯರ್ಲಿ, ಗೊಡಾಲ್ಫಿನ್, ಹೆರೋಡ್ ಎಂಬ ಹೆಸರುಗಳನ್ನು ಹೊತ್ತಿವೆ. ಇವು ಫ್ರೆಂಚ್ ಆಸ್ಥಾನದ ಕುದುರೆಗಳ ಹೆಸರುಗಳಲ್ಲ. ಮೊದಲ ಮೂರು, ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಬಂದು ಅಲ್ಲಿನ ಥರೋಬ್ರೆಡ್ ತಳಿಗೆ ಮೂಲಪುರುಷರಾದ ಗಂಡುಕುದುರೆಗಳು. ಹೆರೋಡ್ ಬೈಯರ್ಲಿಯ ವಂಶದ್ದು. ಡಾರ್ಲಿ 1704ರಲ್ಲಿ ಅಲೆಪ್ಪೊದಿಂದ ಬಂದಿತು. ಗೊಡಾಲ್ಫಿನ್ ಮಾತ್ರ ಇಂಗ್ಲೆಂಡಿಗೆ ಹೋಗುವ ಮುನ್ನ ಟ್ಯುನಿಸ್ಸಿನ ದೊರೆಯಿಂದ ಹದಿನೈದನೆಯ ಲೂಯಿಗೆ ಕಾಣಿಕೆಯಾಗಿ ಬಂದಿತ್ತೆಂಬ ಐತಿಹ್ಯವಿದೆ. ಫ್ರೆಂಚ್ ವೈಭವದ ಕಥನಕ್ಕೆ ಅರಬ್ ಮತ್ತು ಇಂಗ್ಲಿಷ್ ಚರಿತ್ರೆಗಳು ಹೀಗೆ ಸದ್ದಿಲ್ಲದೆ ಸೇರಿಕೊಂಡಿವೆ.

ಕ್ರಾಂತಿಯ ನಂತರ ಮಾರ್ಲಿ ಖಾಸಗಿಯವರ ಪಾಲಾಯಿತು. ಅಲ್ಲಿ ಹತ್ತಿಯ ಗಿರಣಿ ನಡೆಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅರಮನೆಯನ್ನು ಕೆಡವಿ ಕಲ್ಲುಮರಗಳನ್ನು ಮಾರಿದರು. ಕೂಸ್ತೂವಿನ ಮೂಲ ಶಿಲ್ಪಗಳು ಇಂದು ಲೂವ್ರ್ ಸಂಗ್ರಹಾಲಯದಲ್ಲಿವೆ. ಅರಮನೆ ಉಳಿದಿದ್ದರೆ ಅದರ ಕಲ್ಲುಗಳೇ ಕಥನವನ್ನು ತಿದ್ದುತ್ತಿದ್ದವು. ಅಳಿದುದರಿಂದ ಅದರ ಹೆಸರನ್ನು ಯಾವ ವೈಭವಕ್ಕಾದರೂ ಜೋಡಿಸುವುದು ಸುಲಭವಾಯಿತು. ಆದ್ದರಿಂದ ಇಂತಹ ಹೆಸರುಗಳನ್ನು ಹದಿನೆಂಟನೆಯ ಶತಮಾನದ ಆಕರಗಳೆಂದಲ್ಲ, ಗತಕಾಲದಿಂದ ನಮ್ಮ ಕಾಲ ಏನನ್ನು ಬಯಸುತ್ತದೆ ಎಂಬುದರ ಆಕರಗಳೆಂದು ಓದುವುದು ಯುಕ್ತ.