ಬರೆದ ಸ್ವರ, ನುಡಿದ ಸ್ವರ

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ರೈಲುಹಾದಿಯಲ್ಲಿರುವ ಗಿಣಿಗೇರಾ ನನ್ನ ಊರು. ಅಲ್ಲಿ ನಮ್ಮ ಮನೆಯಲ್ಲಿ ನನ್ನ ಅಕ್ಕನ ಹಾಡಿನ ವಹಿಯೊಂದಿದೆ. ಪೇಟಿ ಮಾಸ್ತರರು ಹೇಳಿಕೊಟ್ಟ ಪದಗಳನ್ನು ಆಕೆ ಸ್ವರ ಹಾಕಿ ಅದರಲ್ಲಿ ಬರೆದಿಟ್ಟಿದ್ದಳು. ಅಕ್ಕ ತೀರಿಹೋಗಿ ಮೂವತ್ತು ವರ್ಷಗಳಾದವು. ಆಕೆಯ ದನಿಯನ್ನು ಯಾರೂ ಮುದ್ರಿಸಿಕೊಳ್ಳಲಿಲ್ಲ. ಆಕೆಯನ್ನು ಕಾಣದ ನನ್ನ ಮೊಮ್ಮಗಳು ಈಚೆಗೆ ಆ ಸ್ವರಗಳನ್ನು ಗಣಕಯಂತ್ರದಲ್ಲಿ ಬರೆದು ನುಡಿಸಿದಳು. ಒಂದು ಸ್ವರವೂ ತಪ್ಪಿರಲಿಲ್ಲ. ಆದರೂ ಹುಡುಗಿ ನನ್ನ ಮುಖ ನೋಡಿ, "ಅಜ್ಜಾ, ಬರದಂಗ ಬಾರಸಾಕತ್ತೈತಿ, ಹಾಡಿದಂಗ ಕೇಳಸವಲ್ದು" ಎಂದಳು.

ಈ ಕೊರತೆ ಇಂದಿನದಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಸ್ವರದ ಕಂಪನವನ್ನು ಗಮಕವೆಂದು ಕರೆದು, ಅದರ 15 ಬಗೆಗಳನ್ನು ವಿವರಿಸಿದನು. ಆ ಗ್ರಂಥಕ್ಕೆ 15ನೆಯ ಶತಮಾನದಲ್ಲಿ ಕಲ್ಲಿನಾಥನು ವ್ಯಾಖ್ಯಾನ ಬರೆದದ್ದು ನಮ್ಮೂರಿನ ನೆರೆಯ ವಿಜಯನಗರದಲ್ಲಿ. ಆದರೆ ಹೆಸರಿಟ್ಟ ಮಾತ್ರಕ್ಕೆ ಗಮಕವು ಬರಹಕ್ಕೆ ಇಳಿಯುವುದಿಲ್ಲ. 1609ರಲ್ಲಿ ಸೋಮನಾಥನು 'ರಾಗವಿಬೋಧ'ದಲ್ಲಿ ವೀಣಾವಾದನದ ಬಗೆಗಳಿಗೆ ಚಿಹ್ನೆಗಳನ್ನು ಕಲ್ಪಿಸಿ ಸ್ವರಗಳೊಡನೆ ಬರೆದನು. 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಸುಬ್ಬರಾಮ ದೀಕ್ಷಿತರು ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಗಮಕಚಿಹ್ನೆಗಳ ಸಮೇತ ಕಾಪಾಡಿಕೊಟ್ಟರು. ಹಿಂದುಸ್ತಾನಿ ಪದ್ಧತಿಯಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಕೋಮಲ ಸ್ವರಕ್ಕೆ ಅಡಿಗೆರೆಯನ್ನೂ ಮೀಂಡಿಗೆ ಮೇಲೊಂದು ಕಮಾನನ್ನೂ ಇಟ್ಟರು. ಅಕ್ಕ ಬರೆದದ್ದು ಈ ಲಿಪಿಯಲ್ಲಿಯೇ.

ಬರೆಯಲಾರದ್ದನ್ನು ನುಡಿಸಲಾರದ ವಾದ್ಯವೂ ನಮ್ಮಲ್ಲಿತ್ತು, ಅದು ಪೇಟಿ. ಅದರ ಮನೆಗಳು ಅಚಲ. ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿಯಿಲ್ಲ. ಆ ಕಾರಣಕ್ಕಾಗಿಯೇ 1940ರಲ್ಲಿ ಆಕಾಶವಾಣಿಯು ಅದನ್ನು ದೂರವಿಟ್ಟಿತು. 1970ರ ದಶಕದವರೆಗೂ ಆ ನಿಷೇಧ ಸಡಿಲಲಿಲ್ಲ. ಆದರೂ ಹಳ್ಳಿಗಳಲ್ಲಿ ಪೇಟಿಯ ಎದುರು ಕುಳಿತು ಕಲಿತವರ ಕೊರಳು ಮಾತ್ರ ಜಾರುತ್ತಲೇ ಇತ್ತು. ಮಾಸ್ತರರು ಬೆರಳಿನಿಂದ ಮನೆಯನ್ನು ತೋರಿಸಿ, ಬಾಯಿಂದ ದಾರಿಯನ್ನು ಹೇಳಿಕೊಡುತ್ತಿದ್ದರು.

ಗಣಕಯಂತ್ರಕ್ಕೆ ಆ ಬಾಯಿಯಿಲ್ಲ. 1983ರಲ್ಲಿ ರೂಢಿಗೆ ಬಂದ 'ಮಿಡಿ' ಎಂಬ ಸಂಕೇತಕ್ರಮದಲ್ಲಿ ಪ್ರತಿ ಸ್ವರದ ಆರಂಭ, ಮುಕ್ತಾಯ ಮತ್ತು ಬಲವನ್ನು ತಿಳಿಸಬೇಕು. ಬಲವನ್ನು 0ಯಿಂದ 127ರವರೆಗಿನ ಅಂಕಿಗಳಲ್ಲಿ ಹೇಳುತ್ತಾರೆ, ಸೊನ್ನೆಯೆಂದರೆ ಮೌನ. ಸ್ವರವನ್ನು ಹಾಳೆಯ ಮೇಲೆ ಉಳಿಸಿ ನುಡಿಯದಂತೆ ತಡೆಯಬಹುದು; ಬರೆದ ಕಾಲವನ್ನು ಬದಲಿಸದೆ ನಾದವನ್ನು ಮೊಟಕುಗೊಳಿಸಬಹುದು; ಶ್ರುತಿಯನ್ನು ಬಾಗಿಸಲೂಬಹುದು. ಕರ್ನಾಟಕ ಸಂಗೀತದ ಸ್ವರಗಳನ್ನು ಗಮಕಸಹಿತವಾಗಿ ನುಡಿಸಲೆಂದೇ ಎಂ. ಸುಬ್ರಮಣಿಯನ್ ಅವರು 'ಗಾಯಕ' ಎಂಬ ತಂತ್ರಾಂಶವನ್ನು ರಚಿಸಿದ್ದಾರೆ. ಸೋಮನಾಥನ ಚಿಹ್ನೆಗಳು ಮಾಡಿದ ಕೆಲಸವೇ ಇದು. ಭೇದವೊಂದೇ: ಅವನ ಚಿಹ್ನೆಗಳನ್ನು ಓದುವವನು ವೈಣಿಕನಾಗಿದ್ದನು, ರಾಗವನ್ನು ಮೊದಲೇ ಕೇಳಿದ್ದನು. ಯಂತ್ರವು ಏನನ್ನೂ ಕೇಳಿಲ್ಲ.

ಹೀಗಾಗಿ ಮೊಮ್ಮಗಳು ನನ್ನನ್ನು ಹಾಡಲು ಹೇಳಿದಳು. ನಾನು ಹಾಡುಗಾರನಲ್ಲ. ಆದರೆ ಅಕ್ಕನ ಹಾಡನ್ನು ಕೇಳಿದವರಲ್ಲಿ ಮನೆಯಲ್ಲಿ ಉಳಿದಿರುವವನು ನಾನೊಬ್ಬನೇ. ಒಡೆದ ಕೊರಳಿನಲ್ಲಿ, ಆಕೆ ಗಾಂಧಾರದಿಂದ ರಿಷಭಕ್ಕೆ ಇಳಿಯುತ್ತಿದ್ದ ಬಗೆಯನ್ನೂ, ಸಾಲಿನ ಕೊನೆಯಲ್ಲಿ ಉಸಿರಿಗೆ ನಿಲ್ಲುತ್ತಿದ್ದ ಜಾಗವನ್ನೂ ತೋರಿಸಿದೆ. ಹುಡುಗಿ ಒಂದೊಂದೇ ಸ್ವರವನ್ನು ತಗ್ಗಿಸಿ, ಬಾಗಿಸಿ, ನಿಲ್ಲಿಸಿದಳು. ಸಂಜೆಯ ಹೊತ್ತಿಗೆ ಎರಡು ಸಾಲುಗಳು ಅಕ್ಕನ ನಡೆಗೆ ಹತ್ತಿರ ಬಂದವು, ದನಿ ಬರಲಿಲ್ಲ.

ಆಗ ವಹಿಯನ್ನು ಮತ್ತೆ ನೋಡಿದೆ. ಅದರಲ್ಲಿ ಕೋಮಲದ ಗೆರೆಗಳಿವೆ. ಮೀಂಡಿನ ಕಮಾನು ಒಂದೂ ಇಲ್ಲ. ಅದು ಮರೆವಲ್ಲ. ತನಗೆ ಚೆನ್ನಾಗಿ ಬರುತ್ತಿದ್ದುದನ್ನು ಆಕೆ ಬರೆದುಕೊಳ್ಳಲಿಲ್ಲ, ಅಷ್ಟೆ. ನಮ್ಮ ಸ್ವರಲಿಪಿಯ ಚರಿತ್ರೆಯೆಲ್ಲ, ಬಲ್ಲವರು ಹೀಗೆ ಬರೆಯದೆ ಬಿಟ್ಟುದನ್ನು ಬರೆದಿಡುವ ಪ್ರಯತ್ನವೆಂದೇ ನನಗೆ ತೋರುತ್ತದೆ.

ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ, ಹಾಡನ್ನು ಬರೆದುಕೊಳ್ಳುವ ಮುನ್ನ ಅವರ ದನಿಯನ್ನು ಹಿಡಿದಿಡಿ. ನಾನಂತೂ ಪೆನ್ಸಿಲು ಹಿಡಿದು, ನೆನಪಿದ್ದಷ್ಟು ಕಮಾನುಗಳನ್ನು ಅಕ್ಕನ ಸ್ವರಗಳ ಮೇಲೆ ಹಾಕುತ್ತಿದ್ದೇನೆ.