ಸಾವಯವ ಅರೆವಾಹಕಗಳಲ್ಲಿ ವಿದ್ಯುದಾವೇಶ ಹಾಗೂ ಎಕ್ಸಿಟಾನ್‌ಗಳ ವರ್ತನೆ: ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಸೌರ ವಿದ್ಯುತ್ ಅರ್ಜಿದಾರರಿಗೆ ಮಾಹಿತಿ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಮನೆಯ ಮೇಲ್ಛಾವಣಿಗೆ ಸೌರ ವಿದ್ಯುತ್ ಘಟಕ ಅಳವಡಿಸಿಕೊಳ್ಳಲು ಅರ್ಜಿ ಸಲ್ಲಿಸುವ ಸಾರ್ವಜನಿಕರು ಎರಡು ಬಗೆಯ ಸೌರಕೋಶಗಳ ಹೆಸರನ್ನು ಕೇಳಬಹುದಾಗಿದೆ. ಒಂದು, ಬಹುಕಾಲದಿಂದ ಬಳಕೆಯಲ್ಲಿರುವ ಸ್ಫಟಿಕ ಸಿಲಿಕಾನ್. ಇನ್ನೊಂದು, ಹಾಳೆಯಂತೆ ಬಾಗುವ ಸಾವಯವ ಸೌರಕೋಶ. ಇಲ್ಲಿ ‘ಸಾವಯವ’ ಎಂಬ ಪದಕ್ಕೆ ಸಾವಯವ ಕೃಷಿಯಲ್ಲಿರುವ ಅರ್ಥ ಇರುವುದಿಲ್ಲ. ಇಂಗಾಲದ ಸಂಯುಕ್ತಗಳಿಂದ ತಯಾರಾದುದು ಎಂಬಷ್ಟೇ ಇದರ ಅರ್ಥವಾಗಿದ್ದು, ರಾಸಾಯನಿಕಮುಕ್ತ ಎಂದು ಭಾವಿಸತಕ್ಕದ್ದಲ್ಲ. ವಾಸ್ತವವಾಗಿ ಇವು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ರಾಸಾಯನಿಕಗಳೇ ಆಗಿರುತ್ತವೆ.

ಪ್ಲಾಸ್ಟಿಕ್ ಸಹ ವಿದ್ಯುತ್ತನ್ನು ಹರಿಯಬಿಡಬಲ್ಲದು ಎಂಬುದು 1977ರಲ್ಲಿ ಸಿದ್ಧಪಟ್ಟಿತು. ಅದಕ್ಕಾಗಿ ಅಲನ್ ಹೀಗರ್, ಅಲನ್ ಮ್ಯಾಕ್‌ಡೈರ್ಮಿಡ್ ಮತ್ತು ಹಿಡೆಕಿ ಶಿರಾಕಾವ ಅವರಿಗೆ 2000ನೇ ಸಾಲಿನ ರಸಾಯನವಿಜ್ಞಾನದ ನೊಬೆಲ್ ಪುರಸ್ಕಾರ ನೀಡಲಾಯಿತು.

ಎಕ್ಸಿಟಾನ್ ಎಂದರೇನು

ಬೆಳಕು ಅರೆವಾಹಕದ ಮೇಲೆ ಬಿದ್ದಾಗ ಒಂದು ಎಲೆಕ್ಟ್ರಾನ್ ತನ್ನ ಸ್ಥಾನದಿಂದ ಮೇಲೇಳುತ್ತದೆ. ಅದು ಬಿಟ್ಟುಹೋದ ತೆರವಿಗೆ ರಂಧ್ರ ಎನ್ನಲಾಗುತ್ತದೆ. ಎಲೆಕ್ಟ್ರಾನ್ ಋಣ, ರಂಧ್ರ ಧನ. ಆದ್ದರಿಂದ ಇವೆರಡೂ ಪರಸ್ಪರ ಸೆಳೆಯುತ್ತವೆ. ಹೀಗೆ ಒಂದಕ್ಕೊಂದು ಅಂಟಿಕೊಂಡ ಜೋಡಿಯೇ ಎಕ್ಸಿಟಾನ್. ಸಿಲಿಕಾನ್‌ನಲ್ಲಿ ಈ ಅಂಟು ಸುಮಾರು 0.015 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಕೋಣೆಯ ಉಷ್ಣತೆಯಲ್ಲಿ ಲಭ್ಯವಿರುವ ಶಾಖಶಕ್ತಿಯೇ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್ ಇರುವುದರಿಂದ ಜೋಡಿಯು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಸಾವಯವ ಪದಾರ್ಥಗಳಲ್ಲಿ ಅದೇ ಅಂಟು ಸಾಮಾನ್ಯವಾಗಿ 0.3ರಿಂದ 1 ಎಲೆಕ್ಟ್ರಾನ್ ವೋಲ್ಟ್‌ವರೆಗೆ ಇರುತ್ತದೆ. ಶಾಖವೊಂದರಿಂದ ಅದು ಬಿಡುವುದಿಲ್ಲ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಬೆಳಕು ಜಮೆಯಾದ ಮಾತ್ರಕ್ಕೆ ವಿದ್ಯುತ್ತು ಕೈಗೆ ಬಂದಂತಾಗುವುದಿಲ್ಲ. ಜೋಡಿಯನ್ನು ಬೇರ್ಪಡಿಸಲು ಎರಡು ಭಿನ್ನ ಪದಾರ್ಥಗಳ ಗಡಿ ಬೇಕು. ಒಂದು ಎಲೆಕ್ಟ್ರಾನನ್ನು ಕೊಡುವಂಥದು, ಇನ್ನೊಂದು ಪಡೆಯುವಂಥದು. ಇಂತಹ ಎರಡು ಪದರಗಳ ಸೌರಕೋಶವನ್ನು ಚಿಂಗ್ ಟ್ಯಾಂಗ್ ಅವರು 1986ರಲ್ಲಿ ಪ್ರಕಟಿಸಿದರು. ಅದರ ದಕ್ಷತೆ ಶೇ. 1ರಷ್ಟಿತ್ತು. ಕಾರಣ ಸರಳವಾದುದು. ಎಕ್ಸಿಟಾನ್ ತನ್ನ ಅಲ್ಪ ಆಯುಷ್ಯದಲ್ಲಿ ಸುಮಾರು 10 ನ್ಯಾನೋಮೀಟರ್ ಮಾತ್ರ ಸಂಚರಿಸಬಲ್ಲದು. ಬೆಳಕನ್ನು ಹೀರಲು ಮಾತ್ರ ಪದರವು ಸುಮಾರು 100 ನ್ಯಾನೋಮೀಟರ್ ದಪ್ಪವಿರಬೇಕು. ಗಡಿ ತಲುಪದ ಜೋಡಿಗಳು ಮರಳಿ ಕೂಡಿ ನಷ್ಟದ ಬಾಬ್ತಿಗೆ ಸೇರುತ್ತವೆ. 1995ರಲ್ಲಿ ಎರಡೂ ಪದಾರ್ಥಗಳನ್ನು ಒಟ್ಟಿಗೆ ಕಲಸಿ, ಎಲ್ಲೆಲ್ಲೂ ಗಡಿಯಿರುವಂತೆ ಮಾಡುವ ವಿಧಾನ ಬಂದ ನಂತರ ದಕ್ಷತೆ ಏರುತ್ತಾ ಹೋಗಿ, ಪ್ರಯೋಗಾಲಯದ ಸಣ್ಣ ಕೋಶಗಳಲ್ಲಿ ಇಂದು ಶೇ. 19ನ್ನು ದಾಟಿದೆ.

ಬಿಡುಗಡೆಯಾದ ಆವೇಶದ ಪ್ರಯಾಣ

ಬಿಡುಗಡೆಯ ನಂತರವೂ ಕಷ್ಟ ಮುಗಿಯುವುದಿಲ್ಲ. ಸಿಲಿಕಾನ್ ಹರಳಿನಲ್ಲಿ ಪರಮಾಣುಗಳು ಕ್ರಮಬದ್ಧವಾಗಿರುವುದರಿಂದ ಎಲೆಕ್ಟ್ರಾನ್ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕಾಮಗಾರಿಯ ಅಡೆತಡೆಯಿಲ್ಲದ ದಿನ, ಸಾಗುವ ವಾಹನದಂತೆ ಹೋಗುತ್ತದೆ. ಸಾವಯವ ಪದರದಲ್ಲಿ ಅಣುಗಳು ಅಸ್ತವ್ಯಸ್ತವಾಗಿ ಬಿದ್ದಿರುತ್ತವೆ. ಅಲ್ಲಿ ಆವೇಶವು ಸಂಕವಿಲ್ಲದ ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟುವವರಂತೆ, ಅಣುವಿನಿಂದ ಅಣುವಿಗೆ ಜಿಗಿಯಬೇಕಾಗುತ್ತದೆ. ಕಲ್ಲುಗಳ ನಡುವಿನ ಅಂತರ ಒಂದೇ ಸಮನಿರುವುದಿಲ್ಲ, ಎತ್ತರವೂ ಸಮನಿರುವುದಿಲ್ಲ. ಎತ್ತರದ ಈ ಏರುಪೇರು ಸುಮಾರು 0.1 ಎಲೆಕ್ಟ್ರಾನ್ ವೋಲ್ಟ್, ಅಂದರೆ ಶಾಖಶಕ್ತಿಯ ನಾಲ್ಕು ಪಟ್ಟು. ತಗ್ಗಿನ ಕಲ್ಲಿಗೆ ಇಳಿದ ಆವೇಶವು ಮೇಲೇರಲು ಶಾಖದ ನೆರವಿಗೆ ಕಾಯುತ್ತದೆ. ಆದುದರಿಂದಲೇ ಸಿಲಿಕಾನ್‌ನಲ್ಲಿ ಕಾವೇರಿದಂತೆ ಆವೇಶದ ಚಲನೆ ಕುಗ್ಗಿದರೆ, ಇಲ್ಲಿ ಹೆಚ್ಚುತ್ತದೆ. ಹೆಚ್ಚಿದರೂ ಅದು ಅತಿ ನಿಧಾನದ್ದೇ: ಅಸ್ತವ್ಯಸ್ತ ಪಾಲಿಮರ್‌ಗಳಲ್ಲಿ ಆವೇಶದ ಚಲನಶೀಲತೆ ಸಿಲಿಕಾನ್‌ನಲ್ಲಿರುವುದರ ಹತ್ತು ಲಕ್ಷದ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ.

ಅಣುಗಳನ್ನು ಓರಣವಾಗಿ ಜೋಡಿಸಿದರೆ ದಾರಿ ಸುಗಮವಾಗುತ್ತದೆ. ಈ ವಿಷಯದಲ್ಲಿ ಕರ್ನಾಟಕದ ಕೊಡುಗೆ ಸಣ್ಣದಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು 1977ರಲ್ಲಿ, ಬಿಲ್ಲೆಯಾಕಾರದ ಅಣುಗಳು ನಾಣ್ಯಗಳನ್ನು ಪೇರಿಸಿದಂತೆ ಒಂದರ ಮೇಲೊಂದು ನಿಂತು ಕಂಬಗಳಾಗುವ ದ್ರವಸ್ಫಟಿಕವನ್ನು ಕಂಡುಹಿಡಿದರು. ಇಂತಹ ಕಂಬಗಳ ಉದ್ದಕ್ಕೂ ಆವೇಶವು ಅಸ್ತವ್ಯಸ್ತ ಪದರಕ್ಕಿಂತ ಬಹಳ ವೇಗವಾಗಿ ಹರಿಯುತ್ತದೆ ಎಂಬುದನ್ನು 1990ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಅಳೆದು ತೋರಿಸಿದರು.

ಕರಾವಳಿಗೆ ಸಂಬಂಧಿಸಿದ ಅಂಶ

ಮೂರೂ ತಾಲ್ಲೂಕುಗಳಲ್ಲಿ ವಾರ್ಷಿಕ ಮಳೆ 3,000 ಮಿ.ಮೀ.ಗೂ ಮೀರುತ್ತದೆ. ಆಷಾಢದಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಹಪ್ಪಳ ಒಂದೇ ದಿನದಲ್ಲಿ ಮೆತ್ತಗಾಗುವುದು ಇಲ್ಲಿನವರಿಗೆ ಹೇಳಬೇಕಾದ ಸಂಗತಿಯಲ್ಲ. ಸಾವಯವ ಪದರದೊಳಗೆ ಸೇರುವ ನೀರು ಮತ್ತು ಆಮ್ಲಜನಕ ಎಲೆಕ್ಟ್ರಾನ್‌ಗಳಿಗೆ ಆಳವಾದ ಬಲೆಗಳಾಗುತ್ತವೆ. ಅಂದರೆ ಹಳ್ಳದಲ್ಲಿ ಇನ್ನಷ್ಟು ತಗ್ಗಿನ ಕಲ್ಲುಗಳು ಹುಟ್ಟಿದಂತಾಗುತ್ತದೆ. ಜೊತೆಗೆ ಲೋಹದ ತುದಿಯೂ ಸವೆಯುತ್ತದೆ, ಉಪ್ಪುಗಾಳಿಯಲ್ಲಿ ಬೇಗನೆ. ಮೊಬೈಲ್ ಮತ್ತು ಟಿ.ವಿ.ಗಳ ಓಎಲ್‌ಇಡಿ ಪರದೆಗಳಲ್ಲಿಯೂ ಇದೇ ಬಗೆಯ ಪದಾರ್ಥವಿದ್ದು, ಅಲ್ಲಿ ವ್ಯವಹಾರ ಹಿಮ್ಮುಖವಾಗಿರುತ್ತದೆ: ಆವೇಶಗಳು ಕೂಡಿ ಎಕ್ಸಿಟಾನ್ ಆಗಿ ಬೆಳಕು ಕೊಡುತ್ತವೆ. ಅಂತಹ ಪರದೆಯ ಒಂದು ಚದರ ಮೀಟರ್ ಮೂಲಕ ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಹೆಚ್ಚು ತೇವ ಒಳಹೋಗಬಾರದೆಂಬುದು ಉದ್ಯಮದಲ್ಲಿ ಇಟ್ಟುಕೊಂಡಿರುವ ಗುರಿ. ಗಾಜಿನಿಂದ ಇದು ಸಾಧ್ಯ. ಸಾಧಾರಣ ಪ್ಲಾಸ್ಟಿಕ್ ಹಾಳೆಯಿಂದ ಸಾಧ್ಯವಿಲ್ಲ. ಬಾಗುವ ಫಲಕದ ಆಕರ್ಷಣೆಯೇ ಇಲ್ಲಿ ಅದರ ದೌರ್ಬಲ್ಯವೂ ಆಗಿದೆ.

ಅರ್ಜಿದಾರರು ಗಮನಿಸತಕ್ಕದ್ದು

2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 2 ಕಿಲೋವ್ಯಾಟ್ ಘಟಕಕ್ಕೆ ರೂ. 60,000 ಹಾಗೂ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಘಟಕಕ್ಕೆ ರೂ. 78,000 ಸಹಾಯಧನ ನಿಗದಿಪಡಿಸಲಾಗಿದ್ದು, ದೇಶೀಯ ಕೋಶಗಳಿಂದ ದೇಶದಲ್ಲಿಯೇ ತಯಾರಾದ ಫಲಕಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ‘ಸಾವಯವ’ ಅಥವಾ ‘ಹೊಸ ತಂತ್ರಜ್ಞಾನ’ ಎಂಬ ಹೆಸರಿನಲ್ಲಿ ಫಲಕ ಒದಗಿಸುವುದಾಗಿ ಮಾರಾಟಗಾರರು ತಿಳಿಸಿದಲ್ಲಿ, ಸದರಿ ಮಾದರಿಯು ಕೇಂದ್ರ ಸರ್ಕಾರದ ಅನುಮೋದಿತ ಪಟ್ಟಿಯಲ್ಲಿದೆಯೇ ಎಂಬುದನ್ನು ಮುಂಗಡ ಹಣ ಪಾವತಿಸುವ ಮೊದಲೇ ಪರಿಶೀಲಿಸತಕ್ಕದ್ದು. ತೇವದಿಂದ ಆಗುವ ಹಾನಿಯೂ ಖಾತರಿಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯುವುದು ಸೂಕ್ತ. ಸಂಪರ್ಕದ ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಜಾಲತಾಣದ ಮೂಲಕ ಸಲ್ಲಿಸಬೇಕಾಗಿದ್ದು, ಅಲ್ಲಿ ವಿತರಣಾ ಕಂಪನಿಯಾಗಿ ಹೆಸ್ಕಾಂ ಅನ್ನು ಆಯ್ಕೆ ಮಾಡತಕ್ಕದ್ದು.