ತಂತಿಬೇಲಿಯ ಹೊರಗಿನ ಬೆಂಚು

ಬಳ್ಳಾರಿಯ ಗಾಂಧಿನಗರದಲ್ಲಿ ಬೆಳಗಿನ ಹೊತ್ತು ನಡೆದಾಡಲು ಹೊರಡುವ ನನ್ನಂತಹ ನಿವೃತ್ತರಿಗೆ ಈಚೆಗೆ ಒಂದು ನೋಟ ಚಿರಪರಿಚಿತವಾಗಿದೆ. ಸ್ಕೂಟರ್ ಓಡಿಸುತ್ತಿರುವ ತಂದೆ, ಹಿಂದೆ ಕುಳಿತ ಮಗು, ಮಗುವಿನ ಬೆನ್ನಿಗೆ ಅದಕ್ಕೆ ಮೀರಿದ ಚೀಲ, ಚೀಲದಿಂದ ಹೊರಚಾಚಿದ ರಾಕೆಟ್ಟಿನ ಹಿಡಿ. ತಂದೆ ದಾರಿಯುದ್ದಕ್ಕೂ ಏನನ್ನೋ ಹೇಳುತ್ತಲೇ ಇರುತ್ತಾನೆ, ಮಗು ತೂಕಡಿಸುತ್ತಲೇ ತಲೆಯಾಡಿಸುತ್ತದೆ. ಆ ಮಾತುಗಳು ನನಗೆ ಕೇಳಿಸುವುದಿಲ್ಲ. ಆದರೂ ಅವು ಯಾವುವೆಂದು ನಾನು ಬಲ್ಲೆ. ಸುಮಾರು ಇಪ್ಪತ್ತೆಂಟು ವರ್ಷಗಳ ಹಿಂದೆ ಇದೇ ರಸ್ತೆಗಳಲ್ಲಿ ಅವನ್ನು ನಾನೂ ಆಡಿದ್ದೇನೆ.

ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನಾದ್ದರಿಂದ ಯಾವುದಕ್ಕೂ ಮೂಲ ಹುಡುಕುವ ಚಾಳಿ ನನಗೆ ಬಿಟ್ಟಿಲ್ಲ. ಕಬಡ್ಡಿ, ಖೋ-ಖೋ, ವಾಲಿಬಾಲುಗಳನ್ನು ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿ ಕಲಿತರು. ಕ್ರಿಕೆಟ್ಟನ್ನು ಬೀದಿಯಲ್ಲಿ ಕಲಿತರು. ಟೆನಿಸ್ ಒಂದು ಮಾತ್ರ ತಂದೆತಾಯಿಗಳ ಹೆಗಲನ್ನೇರಿ ಕುಳಿತದ್ದು ಏಕೆ?

1800ರಲ್ಲಿ ಹೈದರಾಬಾದಿನ ನಿಜಾಮನು ಬಿಟ್ಟುಕೊಟ್ಟ ಸೀಮೆಯ ಜೊತೆಗೆ ಬಳ್ಳಾರಿ ಇಂಗ್ಲಿಷ್ ಕಂಪನಿಯ ಕೈ ಸೇರಿತೆಂಬುದು ಓದುಗರಿಗೆ ತಿಳಿದ ವಿಷಯ. ಆ ಬಳಿಕ ಇಲ್ಲಿ ದಂಡು ನೆಲೆಯೂರಿತು. ಕಂಟೋನ್‌ಮೆಂಟ್ ಎಂಬ ಹೆಸರು ಊರಿನ ಬಾಯಲ್ಲಿ ಇಂದಿಗೂ ಉಳಿದಿದೆ. ಅತ್ತ ಇಂಗ್ಲೆಂಡಿನಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬ ಸೇನಾಧಿಕಾರಿ 1874ರಲ್ಲಿ ಲಾನ್ ಟೆನಿಸ್ಸಿಗೆ ಪೇಟೆಂಟ್ ಪಡೆದನು. ಮೂರು ವರ್ಷಗಳಲ್ಲಿ, ಅಂದರೆ 1877ರಲ್ಲಿ, ವಿಂಬಲ್ಡನ್ ಪಂದ್ಯಾವಳಿ ಆರಂಭವಾಯಿತು. ದಂಡು ಎಲ್ಲಿತ್ತೋ ಅಲ್ಲಿಗೆಲ್ಲ ಈ ಆಟ ಬೇಗನೆ ಹಿಂಬಾಲಿಸಿತು. ಸೈನ್ಯದವರ ನಂತರ ಕಲೆಕ್ಟರರು, ನ್ಯಾಯಾಧೀಶರು, ವಕೀಲರು, ವೈದ್ಯರು ಸಂಜೆಯ ಕ್ಲಬ್ಬುಗಳಲ್ಲಿ ಅದನ್ನಾಡಿದರು. ಬಳ್ಳಾರಿ ಜಿಲ್ಲೆಯ ಬಹುಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ನಮ್ಮ ಅಧಿಕಾರಿಗಳ ಶಿಷ್ಟಾಚಾರವೆಲ್ಲ ಮದರಾಸಿನದು. ಬಿಳಿಯ ಪೋಷಾಕಿನ ಟೆನಿಸ್ಸೂ ಆ ಶಿಷ್ಟಾಚಾರದ ಒಂದು ಅಂಗವಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅದು ದೊಡ್ಡವರ ಆಟ. ಮಕ್ಕಳಿಗೆ ಕಲಿಸುವ ಏರ್ಪಾಡೇ ಇರಲಿಲ್ಲ. ಕಲಿಸುವವನೆಂದರೆ ಕ್ಲಬ್ಬಿನ ‘ಮಾರ್ಕರ್’. ಅಂಕಣಕ್ಕೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಬಲೆ ಕಟ್ಟುವುದು ಅವನ ಕೆಲಸ. ಸಾಹೇಬರಿಗೆ ಜೊತೆಗಾರ ಬರದ ದಿನ ಎದುರಿಗೆ ನಿಂತು ಆಡುವುದೂ ಅವನ ಕೆಲಸವೇ. ಚೆಂಡು ಹೆಕ್ಕುವ ಹುಡುಗನಾಗಿ ಸೇರಿ, ನೋಡಿ ನೋಡಿಯೇ ಕಲಿತು ಮಾರ್ಕರ್ ಆದವರು ನಮ್ಮ ದೇಶದ ಕ್ಲಬ್ಬುಗಳಲ್ಲಿ ಬಹಳ ಮಂದಿ. ಆಟವನ್ನು ಸದಸ್ಯರಿಗಿಂತ ಚೆನ್ನಾಗಿ ಬಲ್ಲವನು ಕ್ಲಬ್ಬಿನ ಸದಸ್ಯನಾಗಲಾರದೆ ಹೋದ ಕಥೆಯನ್ನು ಯಾರಾದರೂ ವಿವರವಾಗಿ ಬರೆಯಬೇಕು.

ಹುಲ್ಲಿನ ಅಂಕಣವೆಂಬುದು ನಮ್ಮ ಬಿಸಿಲಿಗೆ ಕನಸೇ ಸರಿ. ದಕ್ಷಿಣ ಭಾರತದ ಎಷ್ಟೋ ಊರುಗಳಲ್ಲಿ ಮಣ್ಣನ್ನು ಗಟ್ಟಿಗೊಳಿಸಿ ಮೇಲೆ ಸೆಗಣಿ ಸಾರಿಸುತ್ತಿದ್ದರು. ನಮ್ಮ ಮನೆಯಂಗಳದ ವಿದ್ಯೆಯೇ ಇಂಗ್ಲಿಷರ ಆಟಕ್ಕೆ ನೆಲವಾಯಿತು!

ಇಂತಹ ನೆಲದಿಂದಲೇ ಎದ್ದು ಬಂದವರು ರಾಮನಾಥನ್ ಕೃಷ್ಣನ್. ಅವರ ಗುರು ಅವರ ತಂದೆ, ಸ್ವತಃ ಆಟಗಾರರಾಗಿದ್ದ ಟಿ. ಕೆ. ರಾಮನಾಥನ್. ಕೃಷ್ಣನ್ 1954ರಲ್ಲಿ ವಿಂಬಲ್ಡನ್ ಬಾಲಕರ ಪ್ರಶಸ್ತಿ ಪಡೆದರು. 1960 ಮತ್ತು 1961ರಲ್ಲಿ ಅಲ್ಲಿಯೇ ಪುರುಷರ ಸೆಮಿಫೈನಲ್ ತಲುಪಿದರು. ಅವರ ಮಗ ರಮೇಶ್ 1979ರಲ್ಲಿ ಫ್ರೆಂಚ್ ಮತ್ತು ವಿಂಬಲ್ಡನ್ ಎರಡರಲ್ಲೂ ಬಾಲಕರ ಪ್ರಶಸ್ತಿ ಗೆದ್ದರು. ಮದರಾಸಿನ ಇನ್ನೊಂದು ಮನೆಯಲ್ಲಿ ಆನಂದ್, ವಿಜಯ್, ಅಶೋಕ್ ಎಂಬ ಮೂವರು ಅಮೃತರಾಜ್ ಸಹೋದರರನ್ನು ಆಟಕ್ಕೆ ಹಚ್ಚಿದವರು ಅವರ ತಾಯಿ ಮ್ಯಾಗಿ. ಬಾಲ್ಯದಲ್ಲಿ ಕಾಯಿಲೆಯಿಂದ ನರಳುತ್ತಿದ್ದ ವಿಜಯ್ ಅಂಗಳಕ್ಕಿಳಿದದ್ದು ಆ ತಾಯಿಯ ಹಟದಿಂದ.

ತರಬೇತಿದಾರರನ್ನು ತಯಾರು ಮಾಡಲು ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಸ್ಥಾಪನೆಯಾದದ್ದೇ 1961ರಲ್ಲಿ. ಅಲ್ಲಿಯವರೆಗೂ, ಆ ಬಳಿಕವೂ ಬಹುಕಾಲ, ಟೆನಿಸ್ ಕಲಿಯುವ ಮಗುವಿಗೆ ಶಾಲೆಯಿಲ್ಲ, ಸರಕಾರವಿಲ್ಲ. ಇದ್ದುದು ಮನೆಯೊಂದೇ. ಹೀಗಾಗಿ ನಮ್ಮ ದೇಶದ ಟೆನಿಸ್ ಚರಿತ್ರೆಯನ್ನು ವಂಶಾವಳಿಯಂತೆ ಬರೆಯಬೇಕಾಗುತ್ತದೆ. ತಂದೆತಾಯಿಗಳು ಅಧಿಕಾರ ಕಸಿದುಕೊಂಡು ಒಳಗೆ ಬಂದವರಲ್ಲ. ಬೇರೆ ಯಾರೂ ಇಲ್ಲದ ಜಾಗಕ್ಕೆ ಬಂದು ನಿಂತವರು. ಅವರನ್ನು ಸಸಾರವಾಗಿ ಹಳಿಯುವ ಮೊದಲು ಇದನ್ನು ಮರೆಯಬಾರದು.

ಇನ್ನು ನಮ್ಮ ನಾಡಿನ ವಿಷಯ. 1997ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿಯೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ಹಿಂದಿನ ವರ್ಷವಷ್ಟೇ ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಕಂಚಿನ ಪದಕ ತಂದಿದ್ದರು. ಮಹೇಶ್ ಅವರ ತಂದೆ ಕೃಷ್ಣ ಭೂಪತಿ ಮಗನನ್ನು ಎಳವೆಯಿಂದಲೇ ಆಟಗಾರನನ್ನಾಗಿ ರೂಪಿಸಿದವರೆಂದು ಪತ್ರಿಕೆಯಲ್ಲಿ ಓದಿದೆ. ಆ ದಿನ ನಮ್ಮ ಮನೆಯಲ್ಲಿ ಏನೋ ಕೆಟ್ಟಿತು.

ನನ್ನ ಮಗನಿಗೆ ಆಗ ಹದಿಮೂರು. ಊರಿನ ಕ್ಲಬ್ಬೊಂದರ ಮಣ್ಣಿನ ಅಂಕಣದಲ್ಲಿ ಹಿಂದಿನ ಬೇಸಿಗೆಯಿಂದ ಆಡುತ್ತಿದ್ದ. ಕಲಿಸುತ್ತಿದ್ದವರು ವಯಸ್ಸಾದ ಒಬ್ಬ ಕೋಚ್. ಮಾರ್ಕರ್ ಕೆಲಸದಿಂದ ಮೇಲೆ ಬಂದವರು, ಮಿತಭಾಷಿ. ಮಗ ಚೆನ್ನಾಗಿಯೇ ಆಡುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ನಗುತ್ತ ಆಡುತ್ತಿದ್ದ. ನಾನು ಒಂದು ನೂರು ಪುಟದ ನೋಟ್‌ಬುಕ್ ಕೊಂಡೆ. ತಂತಿಬೇಲಿಯ ಹೊರಗಿನ ಕಲ್ಲು ಬೆಂಚಿನ ಮೇಲೆ ಕುಳಿತು ಪ್ರತಿಯೊಂದು ತಪ್ಪಿಗೂ ಒಂದು ಗೆರೆ ಎಳೆಯತೊಡಗಿದೆ. ಬಲೆಗೆ ಬಿದ್ದದ್ದು ಒಂದು ಸಾಲು, ಗೆರೆ ದಾಟಿದ್ದು ಇನ್ನೊಂದು ಸಾಲು, ಡಬಲ್ ಫಾಲ್ಟಿಗೆ ಕೆಂಪು ಶಾಯಿ. ಉತ್ತರಪತ್ರಿಕೆ ತಿದ್ದಿದ ಕೈಗೆ ಅದು ಸಹಜವಾಗಿ ಒಗ್ಗಿತು. ರಾತ್ರಿ ಊಟಕ್ಕೆ ಕುಳಿತಾಗ ಓದಿ ಹೇಳುತ್ತಿದ್ದೆ. ನನ್ನ ಮಡದಿ, “ಹುಡುಗ ಉಣ್ಣಲಿ ಬಿಡ್ರಿ” ಎನ್ನುತ್ತಿದ್ದಳು. ನಾನು ಬಿಡಲಿಲ್ಲ.

ಒಂದು ಸಂಜೆ ಬೇಲಿಯ ಬಾಗಿಲು ತೆರೆದು ಒಳಗೇ ಹೋಗಿ ನಿಂತೆ. ಕೋಚ್ ಆಟ ನಿಲ್ಲಿಸಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: “ಮೇಷ್ಟ್ರೇ, ಪರೀಕ್ಷೆ ನಡೆಯೋವಾಗ ತಂದೆ ತಾಯಿನ ನೀವು ಕ್ಲಾಸಿನೊಳಗ ಬಿಡ್ತೀರೇನ್ರಿ?” ನನಗೆ ಉತ್ತರ ಹೊಳೆಯಲಿಲ್ಲ. ಹೊರಗೆ ಬಂದು ಕುಳಿತೆ. ನೋಟ್‌ಬುಕ್ ಮಾತ್ರ ಮುಚ್ಚಲಿಲ್ಲ.

ಜಿಲ್ಲಾ ಕೇಂದ್ರದ ಮಗುವಿಗೆ ಈ ಆಟ ಎಷ್ಟು ದುಬಾರಿಯೆಂಬುದನ್ನೂ ಹೇಳಬೇಕು, ಏಕೆಂದರೆ ಒತ್ತಡದ ಬೇರು ಅಲ್ಲಿದೆ. ರ‍್ಯಾಂಕಿಂಗ್ ಬೇಕೆಂದರೆ ಅಖಿಲ ಭಾರತ ಟೆನಿಸ್ ಸಂಸ್ಥೆಯ ಹನ್ನೆರಡು, ಹದಿನಾಲ್ಕು, ಹದಿನಾರು, ಹದಿನೆಂಟು ವರ್ಷದೊಳಗಿನವರ ಪಂದ್ಯಾವಳಿಗಳಲ್ಲಿ ಆಡಬೇಕು. ಅವು ನಡೆಯುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಬೆಳಿಗ್ಗೆ ಸೋತರೆ ಸಂಜೆಯ ಹೊತ್ತಿಗೆ ಮರಳಿ ಅದೇ ರೈಲಿಗೆ. ಮುಕ್ಕಾಲು ಗಂಟೆಯ ಆಟಕ್ಕೆ ಎರಡು ರಾತ್ರಿಯ ಪ್ರಯಾಣ, ತಂದೆಯ ಒಂದು ದಿನದ ರಜೆ, ತಂತಿ ಬಿಗಿಸಿದ ಖರ್ಚು, ಚೆಂಡಿನ ಡಬ್ಬಿ, ವಸತಿ, ಊಟ. ಮೇಷ್ಟ್ರ ಸಂಬಳದಲ್ಲಿ ಇಷ್ಟನ್ನು ಹೊಂದಿಸಿದವನಿಗೆ ಸೋಲು ಸೋಲಾಗಿ ಕಾಣುವುದಿಲ್ಲ, ಸಾಲವಾಗಿ ಕಾಣುತ್ತದೆ. ಮಗುವಿಗೂ ಅದು ತಿಳಿಯುತ್ತದೆ. ಹೇಳದಿದ್ದರೂ ತಿಳಿಯುತ್ತದೆ.

1999ರಲ್ಲಿ ಬೆಂಗಳೂರಿನ ಒಂದು ಪಂದ್ಯದ ನಡುವೆ ನಾನು ಹೊರಗಿನಿಂದ ಕೂಗಿ ಹೇಳಿದೆ. ಆಟದ ನಡುವೆ ಹೊರಗಿನವರು ಸೂಚನೆ ಕೊಡುವುದು ಆಗಿನ ನಿಯಮದಂತೆ ತಪ್ಪು. ಅಂಪೈರ್ ಎಚ್ಚರಿಕೆ ಕೊಟ್ಟರು, ನನಗಲ್ಲ, ಮಗನಿಗೆ. ಅವನು ತಿರುಗಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ಗುಂತಕಲ್ ದಾಟಿದ ಮೇಲೆ, ನಾನು ನಿದ್ದೆ ಹೋಗಿದ್ದೇನೆಂದು ಭಾವಿಸಿಯೋ ಏನೋ, ಮೇಲಿನ ಬರ್ತಿನಿಂದ, “ಅಪ್ಪಾ, ಇನ್ನ ನಾನು ಆಡಂಗಿಲ್ರಿ” ಎಂದ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇದ್ದುದರಿಂದ, ಓದಿಗಾಗಿ ಆಟ ಬಿಟ್ಟನೆಂದು ಬಂಧುಗಳಿಗೆ ಹೇಳಿದೆವು. ಈ ಸುಳ್ಳು ನಮ್ಮ ಮನೆಯಲ್ಲಿ ಬಹಳ ವರ್ಷ ನಿಜವೆಂದೇ ನಡೆಯಿತು.

ಅದೇ ಕಾಲಕ್ಕೆ ಕೊಡಗಿನ ಯುವಕನೊಬ್ಬನು ಬೆಳೆಯುತ್ತಿದ್ದನು. ರೋಹನ್ ಬೋಪಣ್ಣ 1980ರಲ್ಲಿ ಜನಿಸಿದವರು. ತಂದೆ ಎಂ. ಜಿ. ಬೋಪಣ್ಣ ಕಾಫಿ ಬೆಳೆಗಾರರು. ಮಗ ತಂಡದ ಆಟಕ್ಕಿಂತ ಒಬ್ಬನೇ ಆಡುವ ಆಟವೊಂದನ್ನು ಹಿಡಿಯಲಿ ಎಂದು ಬಯಸಿದವರು ತಂದೆಯೇ. ರೋಹನ್ ಟೆನಿಸ್ ಆರಂಭಿಸಿದ್ದು ಹನ್ನೊಂದರ ವಯಸ್ಸಿನಲ್ಲಿ. ಇಂದಿನ ಲೆಕ್ಕದಲ್ಲಿ ಅದು ತಡವೇ. ವ್ಯಾಯಾಮಶಾಲೆ ಇಲ್ಲದ ಊರಿನಲ್ಲಿ ಹಗ್ಗ ಹತ್ತಿ, ಸೌದೆ ಸೀಳಿ, ತೋಟದ ಏರಿಳಿತಗಳಲ್ಲಿ ಓಡಿ ಮೈಕಟ್ಟು ಗಳಿಸಿದ ಬಗೆಯನ್ನು ಅವರೇ ಹೇಳಿಕೊಂಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನ ಹೆಜ್ಜೆ. ಮನೆಯವರು ಹುಡುಗನನ್ನು ಪುಣೆಯಲ್ಲಿ ನಂದನ್ ಬಾಳ್ ಎಂಬ ಗುರುವಿನ ಕೈಗೆ ಒಪ್ಪಿಸಿದರು. ಇಂಥ ಒಪ್ಪಿಸುವಿಕೆ ಸಣ್ಣದಲ್ಲ. ಲಿಯಾಂಡರ್ ಪೇಸ್ ಅವರ ತಂದೆ ವೇಸ್ ಪೇಸ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹಾಕಿಯ ಕಂಚು ಗೆದ್ದ ತಂಡದವರು, ತಾಯಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಕ್ರೀಡೆಯನ್ನು ಅಷ್ಟು ಬಲ್ಲವರೂ ಮಗನನ್ನು 1985ರಲ್ಲಿ ಕಲಕತ್ತೆಯಿಂದ ಮದರಾಸಿನ ಅಮೃತರಾಜ್ ಅಕಾಡೆಮಿಗೆ ಕಳಿಸಿಕೊಟ್ಟರು. 1990ರಲ್ಲಿ ಆ ಹುಡುಗ ವಿಂಬಲ್ಡನ್ ಬಾಲಕರ ಪ್ರಶಸ್ತಿ ತಂದನು.

ಬೋಪಣ್ಣ 2017ರಲ್ಲಿ ಕೆನಡಾದ ಗೇಬ್ರಿಯೇಲಾ ಡಬ್ರೌಸ್ಕಿಯೊಡನೆ ಫ್ರೆಂಚ್ ಮಿಶ್ರ ಡಬಲ್ಸ್ ಗೆದ್ದರು. 2024ರ ಜನವರಿಯಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು, ಮೊದಲ ಬಾರಿಗೆ ವಿಶ್ವದ ಒಂದನೆಯ ಸ್ಥಾನಕ್ಕೇರಿದರು. ನಿವೃತ್ತಿ ಘೋಷಿಸಿದ್ದು 2025ರ ನವೆಂಬರಿನಲ್ಲಿ. ಹದಿಮೂರಕ್ಕೇ ಮಗನ ಭವಿಷ್ಯವನ್ನು ಕೆಂಪು ಶಾಯಿಯಲ್ಲಿ ಎಣಿಸಿದವನಿಗೆ ಈ ‘ನಲವತ್ತಮೂರು’ ಎಂಬ ಸಂಖ್ಯೆ ಬೇರೆಯೇ ಪಾಠ ಹೇಳಿತು.

ಪರದೇಶದ ಕಥೆಗಳು ಇನ್ನೂ ಕಠೋರ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ ಹದಿನಾಲ್ಕು ತುಂಬುವ ಮೊದಲೇ ವೃತ್ತಿಪರಳಾಗಿ, 1992ರಲ್ಲಿ ಒಲಿಂಪಿಕ್ ಚಿನ್ನ ಗೆದ್ದು, ಮರುವರ್ಷವೇ ದಣಿದು ಅಂಗಳ ಬಿಟ್ಟಳು. 2001ರಲ್ಲಿ ಮರಳಿ ಬಂದು ಗೆದ್ದದ್ದು ಅವಳ ಛಲ. ಮೇರಿ ಪಿಯರ್ಸಳ ತಂದೆಯ ವರ್ತನೆ 1993ರಲ್ಲಿ ಎಲ್ಲೆ ಮೀರಿ, ಮಹಿಳಾ ಟೆನಿಸ್ ಸಂಸ್ಥೆ ಅವನನ್ನು ಪಂದ್ಯಾವಳಿಗಳಿಂದಲೇ ಹೊರಗಿಟ್ಟಿತು. ಎಳೆಯ ಹುಡುಗಿಯರು ವರ್ಷಕ್ಕೆ ಎಷ್ಟು ಪಂದ್ಯಾವಳಿ ಆಡಬಹುದೆಂಬುದಕ್ಕೆ ವಯಸ್ಸಿನ ಮಿತಿ ಬಂದದ್ದು ಇಂಥ ಅನುಭವಗಳ ಬಳಿಕ, 1995ರಿಂದ. ಯೆಲೆನಾ ಡಾಕಿಚ್ ತನ್ನ ತಂದೆಯ ಹೊಡೆತಗಳ ಬಗ್ಗೆ 2017ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾಳೆ. ಅದನ್ನು ಓದುವಾಗ, ನಾನೆಂದೂ ಕೈ ಎತ್ತಿದವನಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆಮೇಲೆ ನೋಟ್‌ಬುಕ್ ನೆನಪಾಯಿತು.

ಹಾಗೆಂದು ತಂದೆತಾಯಿ ದೂರವಿದ್ದರೆ ಸಾಕು ಎಂಬ ಸೂತ್ರವನ್ನು ನಾನು ಒಪ್ಪುವುದಿಲ್ಲ. ನಮ್ಮ ನೆರೆಯ ಹೈದರಾಬಾದಿನ ಸಾನಿಯಾ ಮಿರ್ಜಾಗೆ ತಂದೆ ಇಮ್ರಾನ್ ಕೊನೆಯವರೆಗೂ ತರಬೇತುದಾರರಲ್ಲಿ ಒಬ್ಬರಾಗಿಯೇ ಉಳಿದರು. ಆಕೆ 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದು, 2015ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲಿಗಳಾಗಿ, ಒಟ್ಟು ಆರು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳನ್ನು ಪಡೆದಳು. ಒಪ್ಪಿಸಿಕೊಟ್ಟವರೇ ಗೆದ್ದರೆಂಬ ನನ್ನ ವಾದಕ್ಕೆ ಈ ನಿದರ್ಶನ ಒಗ್ಗುವುದಿಲ್ಲ. ಕೃಷ್ಣ ಭೂಪತಿಯವರದೂ ಒಗ್ಗುವುದಿಲ್ಲ. ಒಳಗೆ ನಿಂತರೂ ಮಗುವಿನ ಮುಖದ ನಗೆಯನ್ನು ಕಾಯುವ ತಂದೆಯರು ಇದ್ದಾರು. ನಾನು ಅಂಥವನಾಗಿರಲಿಲ್ಲ, ಅಷ್ಟೇ.

ಈಗ ಕಲಿಸುವ ಕ್ರಮ ಬಹಳ ಬದಲಾಗಿದೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ನಿಷೇಧಿಸಿ, ನಿಧಾನವಾಗಿ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಗುರುತಿನ ಚೆಂಡುಗಳನ್ನು ಕಡ್ಡಾಯಗೊಳಿಸಿತು. 2025ರಿಂದ, ಪಂದ್ಯಾವಳಿಯವರು ಒಪ್ಪಿದಲ್ಲಿ, ಹೊರಗಿನಿಂದ ಆಟಗಾರರಿಗೆ ಸಲಹೆ ಕೊಡುವುದೂ ನಿಯಮಬದ್ಧವಾಗಿದೆ. ನಾನು ಅಂದು ಮಾಡಿದ ತಪ್ಪು ಇಂದು ಕೆಲವೆಡೆ ತಪ್ಪೇ ಅಲ್ಲ! ಕಾನೂನಿನ ಈ ಬಿಡುಗಡೆಯಿಂದ ನನಗೇನೂ ಹಗುರವಾಗಲಿಲ್ಲ.

ಕಳೆದ ಬೇಸಿಗೆ ರಜೆಗೆ ಮಗ ಕುಟುಂಬ ಸಮೇತ ಬಳ್ಳಾರಿಗೆ ಬಂದಿದ್ದ. ಒಂಬತ್ತರ ಮೊಮ್ಮಗಳು ಬೆಂಗಳೂರಿನಲ್ಲಿ ಹಸಿರು ಗುರುತಿನ ಚೆಂಡಿನಲ್ಲಿ ಆಡುತ್ತಾಳಂತೆ. ಬಿಸಿಲೇರುವ ಮೊದಲು ಮೂವರೂ ಆ ಹಳೆಯ ಅಂಕಣಕ್ಕೆ ಹೋದೆವು. ಅವಳಿಗಿಂತ ಒಂದು ಗೇಣು ಎತ್ತರದ ಹುಡುಗನೊಬ್ಬ ಆಡಲು ಸಿಕ್ಕಿದ. ಕಲ್ಲು ಬೆಂಚು ಅಲ್ಲೇ ಇದೆ, ಒಂದು ಮೂಲೆ ಮುರಿದಿದೆ. ನಾವಿಬ್ಬರೂ ಅದರ ಮೇಲೆ ಕುಳಿತೆವು. ಮೊದಲ ಸರ್ವ್ ಬಲೆಗೆ ಬಿತ್ತು, ಎರಡನೆಯದೂ ಬಿತ್ತು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಮಗ ಅಂಕಣದತ್ತಲೇ ನೋಡುತ್ತ ನನ್ನ ಮೊಣಕಾಲ ಮೇಲೆ ಕೈಯಿಟ್ಟು, “ಅಪ್ಪಾ, ಬಿಸಿ ಒಗ್ಗರಣಿ, ಮಿರ್ಚಿ ಸಿಗ್ತಾವೇನು ನೋಡೋಣ ಬರ್ರಿ” ಎಂದ.

ಹೋಗಿ ಪೊಟ್ಟಣ ಕಟ್ಟಿಸಿಕೊಂಡು ಮರಳುವಷ್ಟರಲ್ಲಿ ಆಟ ಮುಗಿದು ಇಬ್ಬರು ಮಕ್ಕಳೂ ಬೆಂಚಿನ ಮೇಲೆ ಕಾಲಾಡಿಸುತ್ತ ಕುಳಿತಿದ್ದರು. ಎಷ್ಟಾಯಿತೆಂದು ನಾವು ಕೇಳಲಿಲ್ಲ. ಮಿರ್ಚಿ ಬಹಳ ಖಾರ ಎಂದು ಮೊಮ್ಮಗಳು ದೂರಿದಳು, ಎರಡು ತಿಂದಳು.